ವೈದ್ಯರ ಬಾಗಿಲು ಮುಟ್ಟುವ ಮುನ್ನ

ನಸುಕಿನ ಐದು ಗಂಟೆಗೆ ಎದ್ದು, ಎಪ್ಪತ್ತೆಂಟು ವರ್ಷದ ತಾಯಿಯವರಿಗೆ ಸ್ನಾನ ಮಾಡಿಸಿ, ಒಗೆದ ಸೀರೆ ಉಡಿಸಿ, ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದಕ್ಕೆ ಹೋದ ದಿನ ನನಗೆ ಇನ್ನೂ ಮರೆತಿಲ್ಲ. ಅವರಿಗೆ ಪಾರ್ಕಿನ್ಸನ್ ಕಾಯಿಲೆ; ಅದರ ಜೊತೆಗೆ ಆಗತಾನೇ ತಲೆದೋರಿದ್ದ ಮರೆವು. ಚೀಟಿ ಪಡೆಯಲು ಒಂದು ಸಾಲು, ವೈದ್ಯರ ಕೊಠಡಿಯ ಮುಂದೆ ಇನ್ನೊಂದು ಸಾಲು. ನಾನು ಸಾಲಿನಲ್ಲಿ ನಿಂತರೆ ತಾಯಿಯವರ ಬಳಿ ಯಾರೂ ಇಲ್ಲ. ಅವರ ಬಳಿ ಕುಳಿತರೆ ಸರದಿ ತಪ್ಪುತ್ತದೆ. ಈ ಎಳೆದಾಟದಲ್ಲಿ ಹನ್ನೊಂದು ಗಂಟೆಯ ಮಾತ್ರೆಯ ಹೊತ್ತು ಮೀರಿತು, ಅವರ ಮೈ ಬಿಗಿಯತೊಡಗಿತು. ಹೆಸರು ಕೂಗಿದಾಗ ಬೆಂಚಿನಿಂದ ಏಳಲಾಗಲಿಲ್ಲ. ಮುಂದಿನವರು ಒಳಗೆ ಹೋದರು. ಕೊನೆಗೆ ನಮ್ಮ ಸರದಿ ಬಂದಾಗ ಮಧ್ಯಾಹ್ನ ಒಂದೂವರೆ; ವೈದ್ಯರೊಡನೆ ದೊರೆತದ್ದು ನಾಲ್ಕು ನಿಮಿಷ.

ಮರಳುವ ದಾರಿಯಲ್ಲಿ ತಾಯಿಯವರು, "ಇನ್ನ ನನ್ನ ಅಲ್ಲಿಗೆ ಕರಕೊಂಡು ಹೋಗಬ್ಯಾಡ" ಎಂದರು. ನಾನೂ ಒತ್ತಾಯಿಸಲಿಲ್ಲ. ಎಂಟು ತಿಂಗಳು ಹೋಗಲಿಲ್ಲ. ಹಳೆಯ ಚೀಟಿಯ ಪ್ರಕಾರವೇ ಮಾತ್ರೆ ನಡೆಯಿತು. ಆ ಅವಧಿಯಲ್ಲಿ ಅವರು ಎರಡು ಸಲ ಬಿದ್ದರು, ಎರಡನೆಯ ಸಲ ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯ ಸಿಬ್ಬಂದಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಅಷ್ಟು ಜನರ ನಡುವೆ ಅವರೂ ಬಸವಳಿದಿದ್ದರು. ಆದರೆ ಚಿಕಿತ್ಸೆ ತಪ್ಪಿದ್ದು ಔಷಧಿಯ ಅಭಾವದಿಂದಲ್ಲ, ವೈದ್ಯರ ಅಭಾವದಿಂದಲೂ ಅಲ್ಲ; ಮನೆಯ ಹೊಸ್ತಿಲಿನಿಂದ ವೈದ್ಯರ ಮೇಜಿನವರೆಗಿನ ದಾರಿಯನ್ನು ಅವರಂಥವರು ಕ್ರಮಿಸಲಾರರು ಎಂಬ ಒಂದೇ ಕಾರಣದಿಂದ.

ಗಟ್ಟಿಮುಟ್ಟಾದವನಿಗೆ ಕಾಯುವುದು ಬೇಸರದ ಸಂಗತಿ, ಅಷ್ಟೇ. ದುರ್ಬಲನಾದ ರೋಗಿಗೆ ಕಾಯುವುದೇ ಒಂದು ಅಪಾಯ. ಸಕ್ಕರೆ ಕಾಯಿಲೆಯ ವೃದ್ಧರು ಮುಂಜಾನೆಯ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು, ರಕ್ತಪರೀಕ್ಷೆ ಇದೆಯೆಂದು ಉಪಾಹಾರ ಬಿಟ್ಟು ಸಾಲಿನಲ್ಲಿ ನಿಂತರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಗೊಂದಲ ಉಂಟಾಗಬಹುದು, ಪ್ರಜ್ಞೆ ತಪ್ಪಲೂಬಹುದು. ಖಾಲಿ ಹೊಟ್ಟೆಯ ಪರೀಕ್ಷೆಯ ದಿನ ಔಷಧಿಯನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಹಿಂದಿನ ಭೇಟಿಯಲ್ಲಿಯೇ ಕೇಳಿ ತಿಳಿದುಕೊಳ್ಳಬೇಕು. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಮಿಸುಕದೆ ಗಂಟೆಗಟ್ಟಲೆ ಕುಳಿತರೆ ಒತ್ತಡದ ಹುಣ್ಣುಗಳಾಗುತ್ತವೆ. ಶೌಚಾಲಯ ಎಲ್ಲಿದೆಯೋ ಹೇಗಿದೆಯೋ ಎಂಬ ಅಂಜಿಕೆಯಿಂದ ನಮ್ಮ ಎಷ್ಟೋ ಹೆಣ್ಣುಮಕ್ಕಳು ಆಸ್ಪತ್ರೆಗೆ ಹೋಗುವ ದಿನ ನೀರನ್ನೇ ಕುಡಿಯುವುದಿಲ್ಲ. ಇದನ್ನು ಅವರು ಯಾರ ಮುಂದೆಯೂ ಹೇಳುವುದಿಲ್ಲ.

ಆಟಿಸಂ ಇರುವ ಮಗುವಿನ ಕಷ್ಟ ಬೇರೆ ಬಗೆಯದು. ಕೂಗಾಟ, ಮಿನುಗುವ ಕೊಳವೆ ದೀಪ, ಔಷಧಿಯ ವಾಸನೆ, ಮೈಗೆ ತಾಗುವ ಅಪರಿಚಿತರು, ಇವೆಲ್ಲ ಒಮ್ಮೆಗೇ ಎರಗಿದಾಗ ಮಗು ಕಿರುಚುತ್ತದೆ, ನೆಲಕ್ಕೆ ಬೀಳುತ್ತದೆ. ಸುತ್ತಲಿನವರು "ಹಟಮಾರಿ ಮಗು" ಎನ್ನುತ್ತಾರೆ. ತಾಯಿ ತಲೆ ತಗ್ಗಿಸುತ್ತಾಳೆ. ಅಂಥ ಮಗುವನ್ನು ದಿನದ ಮೊದಲ ರೋಗಿಯಾಗಿ ನೋಡಿದರೆ ಅರ್ಧ ತೊಂದರೆ ತಾನಾಗಿಯೇ ನೀಗುತ್ತದೆ. ಒಂದು ದಿನ ಮುಂಚಿತವಾಗಿ, ಜನರಿಲ್ಲದ ಹೊತ್ತಿನಲ್ಲಿ ಆಸ್ಪತ್ರೆಯನ್ನು ತೋರಿಸಿಕೊಂಡು ಬಂದರೆ ಇನ್ನಷ್ಟು ಹಗುರ. ಮರೆವಿನ ರೋಗಿಗಳಲ್ಲಿ ಅನೇಕರಿಗೆ ಸಂಜೆಯಾದಂತೆ ಗಲಿಬಿಲಿ ಹೆಚ್ಚುತ್ತದೆ. ಅವರಿಗೆ ಬೆಳಗಿನ ಸಮಯ ಕೇಳಬೇಕು. ಪಾರ್ಕಿನ್ಸನ್ ರೋಗಿಗೆ ಮಾತ್ರೆಯ ಪ್ರಭಾವ ಚೆನ್ನಾಗಿರುವ ಹೊತ್ತನ್ನು ನೋಡಿ ಸಮಯ ಗೊತ್ತುಪಡಿಸಬೇಕು. ಕಿವಿ ಕೇಳದವರಿಗೆ ಹೆಸರು ಕೂಗಿ ಪ್ರಯೋಜನವಿಲ್ಲ, ಹತ್ತಿರ ಬಂದು ಭುಜ ಮುಟ್ಟಿ ಕರೆಯಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಡ.

ಇದನ್ನು ಕೇಳುವುದಕ್ಕೆ ನಮ್ಮ ಜನ ಸಂಕೋಚಪಡುತ್ತಾರೆ. ಬೇರೆಯವರ ಸರದಿ ಕಿತ್ತುಕೊಂಡಂತಾಗುತ್ತದೆ ಎಂಬ ಭಾವ. ಆದರೆ ಇದು ಯಾರೋ ಕನಿಕರದಿಂದ ಕೊಡುವ ರಿಯಾಯಿತಿಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೆಯ ಕಲಮು ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶ ಇರಬೇಕೆಂದೂ, ವಿಕಲಚೇತನರನ್ನು ನೋಡುವುದರಲ್ಲಿ ಮತ್ತು ಚಿಕಿತ್ಸೆ ನೀಡುವುದರಲ್ಲಿ ಆದ್ಯತೆ ಇರಬೇಕೆಂದೂ ವಿಧಿಸುತ್ತದೆ. ಆ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಪಾರ್ಕಿನ್ಸನ್ ಮತ್ತು ಆಟಿಸಂ ಎರಡೂ ಅದರಲ್ಲಿ ಸೇರಿವೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಅರವತ್ತು ದಾಟಿದವರಿಗಾಗಿ 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯು ಆಸ್ಪತ್ರೆಗಳಲ್ಲಿ ಪ್ರತ್ಯೇಕ ಸಾಲು ಏರ್ಪಡಿಸಬೇಕೆಂದು ಹೇಳುತ್ತದೆ. ಕಾನೂನು ಇದ್ದಮಾತ್ರಕ್ಕೆ ಸಾಲು ತಾನಾಗಿ ಏರ್ಪಡುವುದಿಲ್ಲ ನಿಜ. ಆದರೂ ವಿಕಲಚೇತನರ ಗುರುತಿನ ಚೀಟಿಯನ್ನೋ ವಯಸ್ಸಿನ ದಾಖಲೆಯನ್ನೋ ಕೈಯಲ್ಲಿ ಹಿಡಿದು ವಿನಯದಿಂದ ಕೇಳಿದವರಿಗೆ ಇಲ್ಲವೆನ್ನುವವರು ಕಡಿಮೆ. ಕೇಳುವವರೇ ಕಡಿಮೆ ಎಂಬುದು ನನ್ನ ಅನುಭವ.

ಪ್ರತಿ ಸಲವೂ ರೋಗಿಯನ್ನೇ ಕರೆದೊಯ್ಯಬೇಕೆಂದೂ ಇಲ್ಲ. 2020ರ ಮಾರ್ಚ್ ತಿಂಗಳಿನಲ್ಲಿ ಹೊರಬಂದ ದೂರವೈದ್ಯಕೀಯ ಮಾರ್ಗಸೂಚಿಗಳು ರೋಗಿಯ ಪರವಾಗಿ ಆರೈಕೆದಾರರು ವೈದ್ಯರೊಡನೆ ಮಾತನಾಡಲು ಅವಕಾಶ ನೀಡಿವೆ. ರೋಗಿ ಚಿಕ್ಕ ಮಗುವಾಗಿದ್ದರೆ ಅಥವಾ ತೀವ್ರ ಮರೆವಿನಂಥ ಕಾರಣದಿಂದ ತಾನೇ ಹೇಳಿಕೊಳ್ಳಲಾಗದಿದ್ದರೆ ಪ್ರತ್ಯೇಕ ಒಪ್ಪಿಗೆಪತ್ರವೂ ಬೇಡ. ಉಳಿದವರು ಸಹಿ ಮಾಡಿದ ಒಪ್ಪಿಗೆ ಕೊಟ್ಟರೆ ಸಾಕು. ಸರ್ಕಾರದ ಇ-ಸಂಜೀವಿನಿ ಸೇವೆಯನ್ನು ಮನೆಯ ಮೊಬೈಲಿನಿಂದ ಪಡೆಯಬಹುದು. ಮೊಬೈಲು ಬಳಸಲು ಬಾರದವರು ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋದರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ದೂರದ ವೈದ್ಯರೊಡನೆ ಮಾತನಾಡಿಸಬಲ್ಲರು. ಹೊಸದಾಗಿ ಎದೆನೋವು, ಏಕಾಏಕಿ ಕೈಕಾಲು ಸೋಲುವುದು, ಉಸಿರಾಟದ ತೊಂದರೆ ಇಂಥವಕ್ಕೆ ಇದು ದಾರಿಯಲ್ಲ. ಆಗ 108ಕ್ಕೆ ಕರೆ ಮಾಡಬೇಕು. ಮಾನಸಿಕ ಕಾಯಿಲೆಯವರ ಮನೆಯವರು 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567.

ಇನ್ನು ಆರೈಕೆದಾರರ ಮಾತು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಬಹುಪಾಲು ಸೊಸೆ, ಮಗಳು ಅಥವಾ ಹೆಂಡತಿ. ಆ ದಿನದ ಕೂಲಿ ಬಿಟ್ಟು, ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು ಬಂದಿರುತ್ತಾರೆ. ರೋಗದ ಎಲ್ಲ ವಿವರ ಗೊತ್ತಿರುವುದು ಅವರಿಗೆ. ಆದರೆ ವೈದ್ಯರ ಕೊಠಡಿಯಲ್ಲಿ ಮಾತನಾಡುವವರು ಅಂದು ಜೊತೆಗೆ ಬಂದ ಗಂಡಸು! ರಾತ್ರಿ ಎಷ್ಟು ಸಲ ಎದ್ದರು, ಊಟ ನುಂಗುವಾಗ ಕೆಮ್ಮು ಬರುತ್ತದೆಯೇ ಎಂದು ಕೇಳಿದರೆ ಅವನು ಬಾಗಿಲ ಬಳಿ ನಿಂತ ಹೆಂಡತಿಯತ್ತ ನೋಡುತ್ತಾನೆ. ದಿನವೂ ಸೇವೆ ಮಾಡುವವರೇ ವೈದ್ಯರ ಎದುರು ಕುಳಿತುಕೊಳ್ಳಲಿ. ಹಾಗೆಯೇ ವೈದ್ಯರೂ ರೋಗಿಯನ್ನು ಮಾತನಾಡಿಸದೆ ಆರೈಕೆದಾರರೊಡನೆ ಮಾತ್ರ ಮಾತನಾಡಿ ಮುಗಿಸಬಾರದು. ಮರೆವು ಬಂದವರಿಗೂ ಅವಮಾನ ಅರ್ಥವಾಗುತ್ತದೆ. ನನ್ನ ತಾಯಿಯವರಿಗೆ ಅರ್ಥವಾಗಿತ್ತು.

ಮಣಿಕಟ್ಟಿನ ಪೆಟ್ಟಿನ ನಂತರ ನಾವು ತಾಲ್ಲೂಕು ಊರಿನ ಬೇರೊಬ್ಬ ವೈದ್ಯರ ಬಳಿ ಹೋದೆವು. ಹಿಂದಿನ ದಿನ ಫೋನು ಮಾಡಿ ಎರಡೇ ಮಾತು ಹೇಳಿದೆ: ತಾಯಿಯವರಿಗೆ ಹೆಚ್ಚು ಹೊತ್ತು ಕುಳಿತುಕೊಳ್ಳಲಾಗದು, ಮೆಟ್ಟಿಲು ಹತ್ತಲಾಗದು. ಒಂದು ಹಾಳೆಯಲ್ಲಿ ಎಲ್ಲ ಮಾತ್ರೆಗಳ ಹೆಸರು, ತೆಗೆದುಕೊಳ್ಳುವ ಹೊತ್ತು, ಬಿದ್ದ ದಿನಾಂಕಗಳು, ಕೇಳಬೇಕಾದ ಮೂರು ಪ್ರಶ್ನೆಗಳು, ಇಷ್ಟನ್ನು ಬರೆದುಕೊಂಡಿದ್ದೆ. ಆಸ್ಪತ್ರೆಯ ಹುಡುಗ ನಮ್ಮ ಮೊಬೈಲು ಸಂಖ್ಯೆ ಬರೆದುಕೊಂಡು, "ಬೇವಿನ ಮರದ ನೆರಳಿಗೆ ಆಟೋದಾಗ ಕೂತಿರ್ರಿ, ಪಾಳಿ ಬಂದಾಗ ಫೋನ್ ಮಾಡ್ತೀನಿ" ಎಂದ. ತಾಯಿಯವರು ಆಟೋದಲ್ಲಿಯೇ ಮೊಸರನ್ನ ಉಂಡರು, ಹನ್ನೊಂದರ ಮಾತ್ರೆ ತೆಗೆದುಕೊಂಡರು. ವೈದ್ಯರು ಹಾಳೆಯನ್ನು ಓದಿ, ಮಾತ್ರೆಯ ವೇಳೆಯನ್ನು ಬದಲಿಸಿ, ನಾನು ಅದನ್ನು ತಿರುಗಿ ಹೇಳುವವರೆಗೂ ಬಿಡಲಿಲ್ಲ. ಬಳಿಕ ತಾಯಿಯವರ ಕಡೆಗೆ ತಿರುಗಿ, ಯಾವೂರಿನವರೆಂದು ಕೇಳಿದರು. ತವರೂರಿನ ಹೆಸರು ಹೇಳಿದ ತಾಯಿಯವರು, ಹೊರಗೆ ಬರುತ್ತಲೇ ಮುಂದಿನ ತಾರೀಖು ಯಾವಾಗ ಎಂದು ಕೇಳಿದರು.