ಉತ್ತರ ಗೊತ್ತಿಲ್ಲದ ಲೆಕ್ಕ ಮತ್ತು ನಾಳಿನ ಗಣಿತ ಶಿಕ್ಷಕರು

ತ್ಯಾಗರಾಜನಗರದ ಅಡ್ಡರಸ್ತೆಗಳಲ್ಲಿ ಬೆಳಗಿನ ಹೊತ್ತು ನಡೆದರೆ, ಅಪಾರ್ಟ್‌ಮೆಂಟುಗಳ ನಡುವೆ ಉಳಿದಿರುವ ಹಳೆಯ ಮನೆಗಳ ಮುಂದೆ ಇಂದಿಗೂ ಚುಕ್ಕಿ ರಂಗೋಲಿ ಕಾಣಸಿಗುತ್ತದೆ. ಕಳೆದ ಧನುರ್ಮಾಸದಲ್ಲಿ ಅಂಥದೊಂದು ರಂಗೋಲಿಯ ಮುಂದೆ, ಪಕ್ಕದ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಬಿ.ಇಡಿ. ವಿದ್ಯಾರ್ಥಿನಿಯೊಬ್ಬಳನ್ನು ಕೇಳಿದೆ: ನಡುವಿನ ಸಾಲಿನಲ್ಲಿ ಏಳು ಚುಕ್ಕಿ, ಮೇಲಕ್ಕೂ ಕೆಳಕ್ಕೂ ಐದು, ಮೂರು, ಒಂದು. ಒಟ್ಟು ಎಷ್ಟು? ಕೂಡಿಸಿ 25 ಎಂದಳು. ನಡುವೆ 15 ಚುಕ್ಕಿಯಿದ್ದರೆ? ‘ಇದಕ್ಕೆ ಯಾವ ಸೂತ್ರ, ಅಂಕಲ್?’

ಆಕೆ ಗಣಿತದಲ್ಲಿ ಬಿ.ಎಸ್ಸಿ. ಪದವೀಧರೆ. ಕೂಡುತ್ತಾ ಹೋದರೂ ಉತ್ತರ ಸಿಗುತ್ತಿತ್ತು. ಆದರೆ ಸೂತ್ರವಿಲ್ಲದೆ ಲೆಕ್ಕಕ್ಕೆ ಕೈಹಾಕಬಾರದೆಂಬುದು ಹದಿನೈದು ವರ್ಷಗಳ ಅಭ್ಯಾಸ. ಇನ್ನು ಕೆಲವೇ ತಿಂಗಳಲ್ಲಿ ಆಕೆ ಪ್ರೌಢಶಾಲೆಯಲ್ಲಿ ಪಾಠ ಹೇಳಬೇಕಾದವಳು.

ಬಿ.ಇಡಿ. ಪಠ್ಯದಲ್ಲಿ ‘ಸಮಸ್ಯಾ ಪರಿಹಾರ ವಿಧಾನ’ ಇಲ್ಲವೆಂದಲ್ಲ. ಅನುಗಮನ, ನಿಗಮನ, ವಿಶ್ಲೇಷಣೆ, ಸಂಶ್ಲೇಷಣೆಗಳ ಸಾಲಿನಲ್ಲಿ ಅದಕ್ಕೂ ಒಂದು ಶೀರ್ಷಿಕೆಯಿದೆ: ಅರ್ಥ, ಹಂತಗಳು, ಅನುಕೂಲಗಳು, ಮಿತಿಗಳು. ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ‘ಹೌ ಟು ಸಾಲ್ವ್ ಇಟ್’ ಪುಸ್ತಕದಲ್ಲಿ ಹೇಳಿದ ನಾಲ್ಕು ಹಂತಗಳನ್ನು – ಸಮಸ್ಯೆಯನ್ನು ಅರಿಯುವುದು, ಉಪಾಯ ಹೂಡುವುದು, ಅದನ್ನು ನಡೆಸುವುದು, ಹಿಂತಿರುಗಿ ನೋಡುವುದು – ನಮ್ಮ ಹುಡುಗಿ ತಡವರಿಸದೆ ಒಪ್ಪಿಸಿದಳು. ಬಾಯಿಪಾಠಕ್ಕೆ ಮದ್ದಾಗಿ ಬಂದದ್ದೇ ಬಾಯಿಪಾಠವಾಗಿ ಹೋಗಿದೆ. ಪೋಲ್ಯ ಮುಂದೆ ಅಮೆರಿಕದಲ್ಲಿ ಶಿಕ್ಷಕರಿಗೇ ತರಗತಿ ನಡೆಸಿದರು. 1962 ಮತ್ತು 1965ರಲ್ಲಿ ಎರಡು ಸಂಪುಟಗಳಲ್ಲಿ ಬಂದ ‘ಮ್ಯಾಥಮ್ಯಾಟಿಕಲ್ ಡಿಸ್ಕವರಿ’ ಆ ಅನುಭವದಿಂದ ಹುಟ್ಟಿದ್ದು. ಶಿಕ್ಷಕನಾಗುವವನು ಮೊದಲು ತಾನೇ ಲೆಕ್ಕದೊಡನೆ ಸೆಣಸಿರಬೇಕೆಂಬುದು ಅವರ ನಿಲುವು. ಪ್ರಶ್ನೆಪತ್ರಿಕೆಯ ದಾರಿಯಲ್ಲಿ ಕಳೆದುಹೋದದ್ದು ಈ ಭಾಗ.

ಮಗುವಿನ ಆಲೋಚನೆಯನ್ನೇ ಗಣಿತೀಯಗೊಳಿಸುವುದು ಗಣಿತ ಶಿಕ್ಷಣದ ಮುಖ್ಯ ಗುರಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಾರಿತು. 2015ರಿಂದ ಬಿ.ಇಡಿ. ಎರಡು ವರ್ಷದ್ದಾಯಿತು. ನಾನು ಕಂಡ ಮಟ್ಟಿಗೆ, ಹೆಚ್ಚಿದ ಸಮಯವನ್ನು ಬಹುಪಾಲು ದಾಖಲೆ ಪುಸ್ತಕಗಳೂ ಪಾಠಯೋಜನೆಗಳೂ ನುಂಗಿವೆ. ಪಾಠಯೋಜನೆಯಲ್ಲಿ ಶಿಕ್ಷಕರ ಪ್ರಶ್ನೆಯ ಎದುರಿಗೇ ಮಕ್ಕಳ ಉತ್ತರವನ್ನೂ ಮೊದಲೇ ಬರೆದಿಡುವ ಪದ್ಧತಿಯುಂಟು. ನಿರೀಕ್ಷಿಸದ ಉತ್ತರಕ್ಕೆ ಅಲ್ಲಿ ಜಾಗವಿಲ್ಲ.

ಮೂರು ದಿನ ಬಿಟ್ಟು ಆಕೆ ನೋಟ್‌ಬುಕ್ ಹಿಡಿದು ಬಂದಳು. ಚಿಕ್ಕ ರಂಗೋಲಿಗಳಿಂದ ಆರಂಭಿಸಿ 1, 5, 13, 25 ಎಂದು ಪಟ್ಟಿ ಮಾಡಿದ್ದಳು. ಏರಿಕೆ 4, 8, 12. ಅದೇ ಜಾಡಿನಲ್ಲಿ 15 ಚುಕ್ಕಿಯ ರಂಗೋಲಿಗೆ 113 ಬಂದಿತ್ತು. ಸರಿಯಾದ ಉತ್ತರವೇ. ಆದರೆ ಆಕೆಯನ್ನು ಕಾಡಿದ್ದು ಬೇರೆ: 5 ಎಂದರೆ 4+1, 13 ಎಂದರೆ 9+4, 25 ಎಂದರೆ 16+9. ಪ್ರತಿ ಸಲವೂ ಅಕ್ಕಪಕ್ಕದ ಎರಡು ವರ್ಗಗಳೇ ಏಕೆ? ಹಾಳೆಯನ್ನು ಓರೆಯಾಗಿ ತಿರುಗಿಸಿ, ಚುಕ್ಕಿಗಳನ್ನು ಕರ್ಣದ ಗುಂಟ ಎಣಿಸಿದಾಗ ಗುಟ್ಟು ಬಯಲಾಯಿತು. ಸಾಲುಗಳು 4, 3, 4, 3, 4, 3, 4. ನಾಲ್ಕರ ಸಾಲುಗಳು ನಾಲ್ಕು, ಮೂರರ ಸಾಲುಗಳು ಮೂರು. ಒಂದು ಚೌಕದ ಸಂದುಗಳಲ್ಲಿ ಇನ್ನೊಂದು ಚೌಕ. 113 ಎಂದರೆ 64+49. ಸೂತ್ರವನ್ನು ಆಕೆಯೇ ಬರೆದಳು. ಎರಡು ದಿನ ತಪ್ಪುದಾರಿಯಲ್ಲಿ ಅಲೆದದ್ದನ್ನು ಆಕೆ ಹೇಳಿದ ರೀತಿ ನನಗೆ ಉತ್ತರಕ್ಕಿಂತ ಹಿಡಿಸಿತು.

ಹೀಗೆ ಅಲೆದು ಗೊತ್ತಿಲ್ಲದ ಶಿಕ್ಷಕರ ತರಗತಿಯಲ್ಲಿ ನಡೆಯುವುದೇನೆಂದು ಪೋಷಕರಿಗೆಲ್ಲ ಗೊತ್ತು. ಎಂಟನೆಯ ತರಗತಿಯ ಹುಡುಗ ಬೇರೆ ದಾರಿಯಲ್ಲಿ ಉತ್ತರ ತಂದರೆ ‘ಪುಸ್ತಕದ ಕ್ರಮದಲ್ಲೇ ಮಾಡು’ ಎಂಬ ಆದೇಶ ಬರುತ್ತದೆ. ಅದು ಗದರಿಕೆಯಂತೆ ಕೇಳಿಸಿದರೂ ನಿಜಕ್ಕೂ ಭಯ; ಹುಡುಗನ ದಾರಿ ಸರಿಯೋ ತಪ್ಪೋ ಶಿಕ್ಷಕರಿಗೇ ತಿಳಿಯದು. ಆ ಭಯ ಮಗುವಿಗೂ ದಾಟುತ್ತದೆ. ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಮನೆಪಾಠದವರು ಅದನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ.

ಪಠ್ಯ ಮುಗಿಸಬೇಕು, ಫಲಿತಾಂಶ ತೋರಿಸಬೇಕು ಎಂಬ ಶಾಲೆಗಳ ಅಳಲು ಸುಳ್ಳಲ್ಲ. ಆದ್ದರಿಂದಲೇ ಬದಲಾವಣೆ ಶಿಕ್ಷಕರ ಕಾಲೇಜಿನಲ್ಲಿ ಮೊದಲಾಗಬೇಕು. ವಾರಕ್ಕೊಂದು ಅವಧಿ, ಒಂದೇ ಲೆಕ್ಕ, ಅಂಕವಿಲ್ಲ, ದಾಖಲೆ ಪುಸ್ತಕವಿಲ್ಲ. ಪಾಠ ಹೇಳುವ ಉಪನ್ಯಾಸಕರೂ ಉತ್ತರ ನೋಡಿಕೊಂಡು ಬರಬಾರದು; ಕರಿಹಲಗೆಯ ಮುಂದೆ ಸಿಕ್ಕಿಬೀಳಲು, ಅಳಿಸಿ ಮತ್ತೆ ಬರೆಯಲು ಸಿದ್ಧರಿರಬೇಕು. ಕಷ್ಟವಿರುವುದು ಇಲ್ಲೇ. ಅವರೂ ಇದೇ ದಾರಿಯಲ್ಲಿ ನಡೆದು ಬಂದವರು.

ಮೊನ್ನೆ ಆಕೆ ತಾನಾಗಿಯೇ ಹೊಸದೊಂದು ತಂದಳು. ಸಂದುಚುಕ್ಕಿಯ ರಂಗೋಲಿ: ನಡುವೆ ಏಳು, ಎರಡೂ ಕಡೆ ಆರು, ಐದು, ನಾಲ್ಕಕ್ಕೆ ನಿಲುಗಡೆ. ಒಟ್ಟು 37 ಚುಕ್ಕಿ. ಅದು 64ರಲ್ಲಿ 27 ಕಳೆದಷ್ಟು, ಅಂದರೆ ನಾಲ್ಕರ ಘನದಲ್ಲಿ ಮೂರರ ಘನ ಕಳೆದಷ್ಟು ಎಂದು ಕಂಡುಕೊಂಡಿದ್ದಾಳೆ. ನೆಲದ ಮೇಲಿನ ರಂಗೋಲಿಗೆ ಘನ ಎಲ್ಲಿಂದ ಬಂತೆಂದು ಕೇಳಿದಳು. ನನಗೂ ತಕ್ಷಣ ಹೊಳೆಯಲಿಲ್ಲ. ನೋಟ್‌ಬುಕ್ ನಮ್ಮ ಮನೆಯ ಮೇಜಿನ ಮೇಲೆಯೇ ಇದೆ.