ಇರುವೆಯ ಸಾಲೂ ಒಡೆಯನಿಲ್ಲದ ಜಾಲವೂ

ಸಕ್ಕರೆಯ ಭರಣಿಯನ್ನು ಎಷ್ಟು ಎತ್ತರದಲ್ಲಿಟ್ಟರೂ ಮರುದಿನವೇ ಅಲ್ಲಿಗೆ ಇರುವೆಯ ಸಾಲು ಹತ್ತಿರುವುದನ್ನು ಕಾಣದ ಗೃಹಸ್ಥರಿಲ್ಲ. ಆ ಸಾಲಿಗೆ ನಾಯಕನಾರೆಂದು ಹುಡುಕಿದರೆ ಅಂಥವನೊಬ್ಬನೂ ಸಿಕ್ಕನು. ಆಹಾರವನ್ನು ಕಂಡ ಇರುವೆಯು ನೆಲದ ಮೇಲೆ ಒಂದು ಬಗೆಯ ವಾಸನೆಯನ್ನು ಬಿಟ್ಟು ಹಿಂದಿರುಗುತ್ತದೆ. ಉಳಿದವು ಅದನ್ನನುಸರಿಸಿ ಹೋಗಿ ಆ ಗುರುತನ್ನು ಬಲಪಡಿಸುತ್ತವೆ. ಹತ್ತಿರದ ದಾರಿಯಲ್ಲಿ ವಾಸನೆಯು ಬೇಗನೆ ದಟ್ಟವಾಗುತ್ತದೆ. ನಡೆಯದ ದಾರಿಯದು ತಾನಾಗಿಯೇ ಆರಿಹೋಗುತ್ತದೆ. ಈ ಅಲ್ಪಜಂತುವಿನ ಯುಕ್ತಿಯನ್ನು ವಿದ್ವಾಂಸರು ಗಣಕಯಂತ್ರಗಳ ಜಾಲಕ್ಕೆ ಅಳವಡಿಸಿದ ಬಗೆಯನ್ನು ವಾಚಕರು ಅರಿಯತಕ್ಕುದಾಗಿದೆ.

ಒಂದು ಯಂತ್ರವು ಯಜಮಾನನಾಗಿ ಮಿಕ್ಕವು ಅದನ್ನು ಬೇಡುವುದು ಜಾಲಗಳ ಒಂದು ಪದ್ಧತಿ. ಎಲ್ಲ ಯಂತ್ರಗಳೂ ಸರಿಸಮಾನವಾಗಿ ತಮ್ಮೊಳಗೇ ಕೊಟ್ಟು ತೆಗೆದುಕೊಳ್ಳುವುದು ಇನ್ನೊಂದು. ಇದಕ್ಕೆ ಪೀರ್-ಟು-ಪೀರ್ ಜಾಲವೆಂದು ಹೆಸರು. 1999ರಲ್ಲಿ ಹೊರಟ ನ್ಯಾಪ್‌ಸ್ಟರ್ ಎಂಬುದರಲ್ಲಿ ಹಾಡುಗಳು ಜನರ ಮನೆಯ ಯಂತ್ರಗಳಲ್ಲಿದ್ದರೂ ಅವುಗಳ ಪಟ್ಟಿಯು ಮಾತ್ರ ಸಂಸ್ಥೆಯೊಂದರ ವಶದಲ್ಲಿತ್ತು. ಕೃತಿಸ್ವಾಮ್ಯದ ವ್ಯಾಜ್ಯದಲ್ಲಿ ಆ ಸಂಸ್ಥೆಯು ಸೋಲಲು, 2001ರಲ್ಲಿ ಜಾಲವೆಲ್ಲವೂ ನಿಂತುಹೋಯಿತು. 2000ದಲ್ಲಿ ಬಂದ ನುಟೆಲ್ಲಾ ಜಾಲದಲ್ಲಿ ಪಟ್ಟಿಯೇ ಇರಲಿಲ್ಲ. ಪ್ರತಿ ಯಂತ್ರವೂ ತನ್ನ ನೆರೆಯವರನ್ನೆಲ್ಲ ಕೇಳುವುದು, ಅವರು ತಮ್ಮ ನೆರೆಯವರನ್ನು ಕೇಳುವುದು. ಒಬ್ಬೊಬ್ಬರಿಗೆ ನಾಲ್ವರು ನೆರೆಯವರಿದ್ದು ಪ್ರಶ್ನೆಯು ಏಳು ಮನೆ ದಾಟುವುದಾದರೆ, ಒಂದೇ ಪ್ರಶ್ನೆಗೆ 4372 ಸಂದೇಶಗಳಾಗಬಹುದು! ಊರಿಗೆಲ್ಲ ಡಂಗುರ ಹೊಯ್ದು ಒಂದು ಸೂಜಿಯನ್ನು ಹುಡುಕಿದಂತಾಯಿತಷ್ಟೆ.

ಇಲ್ಲಿ ಇರುವೆಯು ನೆರವಿಗೆ ಬಂದಿತು. ಇಟಲಿಯ ಬೊಲೋನ್ಯ ವಿಶ್ವವಿದ್ಯಾಲಯದ ಓಜಾಲ್ಪ್ ಬಾಬಾಓಗ್ಲು, ಆಲ್ಬರ್ಟೊ ಮೊಂಟ್ರೆಸೋರ್ ಎಂಬವರೂ ನಾರ್ವೆಯ ಹೈನ್ ಮೆಲಿಂಗ್ ಎಂಬವರೂ ಕೂಡಿ 2002ರಲ್ಲಿ 'ಆಂಟ್‌ಹಿಲ್' ಎಂಬ ರಚನೆಯನ್ನು ಪ್ರಕಟಿಸಿದರು. ಇದರಲ್ಲಿ ಪ್ರತಿಯೊಂದು ಯಂತ್ರವೂ ಒಂದು ಗೂಡು. ಮನೆಯವನು ಏನನ್ನಾದರೂ ಬೇಡಿದೊಡನೆ ಗೂಡಿನಿಂದ 'ಇರುವೆ'ಯು ಹೊರಡುತ್ತದೆ. ಅದು ಸ್ವತಂತ್ರವಾಗಿ ಸಂಚರಿಸುವ ಪುಟ್ಟ ತಂತ್ರಾಂಶ. ಇರುವೆಗಳು ಒಂದರೊಡನೊಂದು ನೇರವಾಗಿ ಮಾತನಾಡುವುದಿಲ್ಲ. ತಾವು ಹೊಕ್ಕ ಗೂಡುಗಳಲ್ಲಿ ಗುರುತುಗಳನ್ನಿಟ್ಟು ಹೋಗುತ್ತವೆ. ಮುಂದೆ ಬರುವ ಇರುವೆಯು ಅದನ್ನೋದಿ, ಎಲ್ಲೆಡೆಯೂ ಅಲೆಯದೆ, ಫಲ ದೊರೆಯುವ ದಿಕ್ಕಿಗೇ ನಡೆಯಬಲ್ಲುದು. ಒಂದು ಗೂಡು ಅಳಿದರೂ ಉಳಿದವುಗಳ ವ್ಯವಹಾರವು ನಿಲ್ಲುವುದಿಲ್ಲ.

ಆದರೆ ಗುಣವಿದ್ದೆಡೆಯಲ್ಲಿ ಭಯವೂ ಉಂಟು. ಅನ್ಯರ ತಂತ್ರಾಂಶವು ನಮ್ಮ ಯಂತ್ರದಲ್ಲಿ ನಡೆಯುವುದೆಂದರೆ, ಅಪರಿಚಿತನಾದ ಅತಿಥಿಗೆ ಬಾಗಿಲು ತೆರೆದಂತೆ. ಅತಿಥಿಗೆ ಜಗಲಿಯಲ್ಲಿ ಮಣೆ ಹಾಕಬಹುದು. ಪೆಟ್ಟಿಗೆಯ ಬೀಗದ ಕೈಯನ್ನು ಕೊಡಲಾಗದು. ಆದುದರಿಂದ ಇಂತಹ ತಂತ್ರಾಂಶವು ಏನನ್ನು ಮುಟ್ಟಬಹುದು, ಎಷ್ಟು ಹೊತ್ತು ಇರಬಹುದು ಎಂಬ ಮೇರೆಯನ್ನು ಮೊದಲೇ ಗೊತ್ತುಮಾಡಬೇಕು. ದುಷ್ಟನೊಬ್ಬನು ಸುಳ್ಳು ಗುರುತುಗಳನ್ನಿಟ್ಟು ದಾರಿ ತಪ್ಪಿಸಲೂಬಹುದು. ಹಳೆಯ ಗುರುತುಗಳನ್ನು ಆರಗೊಡುವುದು ಇದಕ್ಕೆ ಸ್ವಲ್ಪಮಟ್ಟಿನ ಪರಿಹಾರವೇ ಹೊರತು ಪೂರ್ಣವಾದುದಲ್ಲ.

ಇದೇ ಕಾಲದಲ್ಲಿ ಗಣಿತದ ನಿಯಮದಿಂದ ವಸ್ತುವಿನ ನೆಲೆಯನ್ನು ಗೊತ್ತುಮಾಡುವ ಬೇರೊಂದು ಮಾರ್ಗವೂ ಹುಟ್ಟಿತು. 2002ರಲ್ಲಿ ಪ್ರಕಟವಾದ 'ಕೆಡೆಮ್ಲಿಯಾ' ಅಂಥದು. ಬಿಟ್‌ಟೊರೆಂಟ್ ಜಾಲವು ಅದನ್ನೂ ಬಳಸುತ್ತದೆ. ವಸ್ತುವಿನ ನಿಶ್ಚಿತವಾದ ಗುರುತು ತಿಳಿದಿದ್ದರೆ ಇದು ಕೆಲವೇ ಹೆಜ್ಜೆಗಳಲ್ಲಿ ಅದನ್ನು ಮುಟ್ಟಿಸುತ್ತದೆ. ಬೇಕಾದುದು ಏನೆಂಬುದೇ ಅರ್ಧಮರ್ಧ ತಿಳಿದು ಅರಸುವವನಿಗಾದರೋ, ತಡಕಾಡಿ ದಾರಿ ಕಲಿಯುವ ಇರುವೆಯ ವಿದ್ಯೆಯೇ ಹೆಚ್ಚು ಒಪ್ಪುತ್ತದೆ.

ಒಡೆಯನಿಲ್ಲದ ಮನೆಯು ಕೆಟ್ಟೇ ಹೋಗಬೇಕೆಂದೇನೂ ಇಲ್ಲ. ಆದರೆ ಅಲ್ಲಿ ಒಬ್ಬೊಬ್ಬನೂ ತಾನು ನಡೆದ ದಾರಿಯ ಗುರುತನ್ನು ಹಿಂದಿನವರಿಗಾಗಿ ಪ್ರಾಮಾಣಿಕವಾಗಿ ಉಳಿಸಬೇಕು.