ಮರುಭೂಮಿಯಲ್ಲಿ ಮಂಜಿನ ಆಟ: ಗೆಲುವು ಮಾರುಕಟ್ಟೆಯಾಗುವ ಬಗೆ

ಐಸ್ ಹಾಕಿ ಮೂಲತಃ ಕೆನಡಾ ಹಾಗೂ ಅಮೆರಿಕದ ಉತ್ತರ ಭಾಗದ ಕ್ರೀಡೆ. ಚಳಿಗಾಲದಲ್ಲಿ ಕೆರೆಕುಂಟೆಗಳು ಹೆಪ್ಪುಗಟ್ಟುವ ಆ ಸೀಮೆಯಲ್ಲಿ ಅದು ಮನೆಮನೆಯ ಆಟ. ಆದರೆ 2020ರಿಂದ 2025ರವರೆಗೆ ನಡೆದ ಆರು ಪಂದ್ಯಾವಳಿಗಳಲ್ಲಿ, ಈ ಕ್ರೀಡೆಯ ಪರಮೋಚ್ಚ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಐದು ಬಾರಿ ಫ್ಲೋರಿಡಾದ ಕಡಲತೀರಕ್ಕೂ ಲಾಸ್ ವೇಗಸ್‌ನ ಮರುಭೂಮಿಗೂ ಸಂದಿತು. ಪರಿಚಯವಿಲ್ಲದ ಊರಿನಲ್ಲಿ ಹೊಸ ಸರಕನ್ನು ನೆಲೆಗೊಳಿಸುವುದು ಹೇಗೆಂಬ ಪ್ರಶ್ನೆ ನಮ್ಮ ವರ್ತಕರದೂ ಆಗಿರುವುದರಿಂದ ಈ ಬೆಳವಣಿಗೆ ಅವಲೋಕನಕ್ಕೆ ಅರ್ಹವಾಗಿದೆ.

ದಕ್ಷಿಣದತ್ತ ಪಯಣ

1988ರ ಆಗಸ್ಟ್‌ನಲ್ಲಿ ಖ್ಯಾತ ಆಟಗಾರ ವೇಯ್ನ್ ಗ್ರೆಟ್ಸ್ಕಿ ಎಡ್ಮಂಟನ್ ತಂಡದಿಂದ ಲಾಸ್ ಏಂಜಲೀಸ್ ತಂಡಕ್ಕೆ ಬಂದದ್ದು ಒಂದು ತಿರುವು. ಮುಂದಿನ ವರ್ಷಗಳಲ್ಲಿ ಸ್ಯಾನ್ ಹೊಸೆ, ಟ್ಯಾಂಪಾ, ಅನಾಹೈಮ್, ಮಯಾಮಿ ಮೊದಲಾದೆಡೆ ಹೊಸ ತಂಡಗಳು ಹುಟ್ಟಿದವು. 1993ರಲ್ಲಿ ಮಿನೆಸೋಟದ ತಂಡ ಡಲ್ಲಾಸ್‌ಗೆ ಸ್ಥಳಾಂತರಗೊಂಡಿತು. ಡಲ್ಲಾಸ್ 1999ರಲ್ಲಿ, ಟ್ಯಾಂಪಾ 2004ರಲ್ಲಿ, ಕ್ಯಾರೊಲಿನಾ 2006ರಲ್ಲಿ, ಅನಾಹೈಮ್ 2007ರಲ್ಲಿ ಕಪ್ ಗೆದ್ದವು.

ಆಟದ ನಿಯಮವನ್ನರಿಯದ ಊರಿಗೂ ಗೆಲುವು ಅರ್ಥವಾಗುತ್ತದೆ. ಪತ್ರಿಕೆಗಳು ಬರೆಯುತ್ತವೆ, ನೆರೆಹೊರೆ ಮಾತನಾಡುತ್ತದೆ, ಮಕ್ಕಳು ತಮಗೂ ಕಲಿಸೆಂದು ಹಠ ಹಿಡಿಯುತ್ತಾರೆ. ಆದರೆ ಇಲ್ಲಿಯವರೆಗೆ ಲಭಿಸಿರುವುದು ವಿಚಾರಣೆ ಮಾತ್ರ, ಗಿರಾಕಿಯಲ್ಲ. ಪೋಷಕರ ಮುಂದಿನ ಪ್ರಶ್ನೆ: ಅಂಕಣ ಎಲ್ಲಿದೆ? ಖರ್ಚೆಷ್ಟು?

ಅಂಕಣವೇ ಅಂಗಡಿ

ಉತ್ತರದಲ್ಲಿ ಪ್ರಕೃತಿಯೇ ಒದಗಿಸುವ ಮಂಜುಗಡ್ಡೆಯನ್ನು ದಕ್ಷಿಣದಲ್ಲಿ ಯಂತ್ರದಿಂದ ತಯಾರಿಸಬೇಕು. ನೆಲದಡಿಯ ಶೀತಲ ಕೊಳವೆಗಳು, ಕಂಪ್ರೆಸರ್‌ಗಳು, ತೇವಾಂಶ ನಿವಾರಕಗಳು ಹಗಲಿರುಳೂ ನಡೆಯಬೇಕು. ಆಟಗಾರರು ಬಂದರೂ ಬಾರದಿದ್ದರೂ ವಿದ್ಯುತ್ ಬಿಲ್ ತಪ್ಪದು. ಆದ್ದರಿಂದಲೇ ಮಕ್ಕಳ ತರಬೇತಿ, ಸಾರ್ವಜನಿಕ ಸ್ಕೇಟಿಂಗ್, ತಡರಾತ್ರಿಯ ವಯಸ್ಕರ ಪಂದ್ಯಗಳೆಂದು ದಿನದ ಪ್ರತಿ ಗಂಟೆಯನ್ನೂ ಮಾರಲಾಗುತ್ತದೆ. ಅದರ ಸುತ್ತ ಸ್ಕೇಟ್, ಶಿರಸ್ತ್ರಾಣ, ಕೋಲುಗಳ ವ್ಯಾಪಾರ, ಅಲಗು ಸಾಣೆ ಹಿಡಿಯುವ ಕಸುಬು, ಮಕ್ಕಳು ಬೆಳೆದಂತೆ ಚಿಕ್ಕದಾಗುವ ಸಲಕರಣೆಗಳ ಮರುಮಾರಾಟ ಬೆಳೆಯುತ್ತವೆ.

ಲಾಸ್ ವೇಗಸ್ ತಂಡ 2017ರಲ್ಲಿ ಕಣಕ್ಕಿಳಿದಾಗಲೇ ಸಾರ್ವಜನಿಕರಿಗೂ ತೆರೆದಿದ್ದ, ಎರಡು ಅಂಕಣಗಳ ಅಭ್ಯಾಸ ಕೇಂದ್ರವನ್ನು ಹೊಂದಿತ್ತು. ಮೊದಲ ವರ್ಷವೇ ತಂಡ ಅಂತಿಮ ಸುತ್ತು ತಲುಪಿದಾಗ, ಉತ್ಸಾಹಗೊಂಡ ಮಕ್ಕಳಿಗೆ ಹೋಗಲು ಜಾಗವಿತ್ತು. 2020ರಲ್ಲಿ ನೆರೆಯ ಹೆಂಡರ್ಸನ್‌ನಲ್ಲಿ ಇನ್ನೊಂದು ಕೇಂದ್ರ ತೆರೆಯಿತು; 2023ರಲ್ಲಿ ಕಪ್ ಕೈಸೇರಿತು.

ನಷ್ಟದ ಪಾಠ

ಅಟ್ಲಾಂಟಾದ ಕಥೆ ಬೇರೆ. 1999ರಲ್ಲಿ ಆಡತೊಡಗಿದ ಅಲ್ಲಿನ ತಂಡ ಒಮ್ಮೆ ಮಾತ್ರ, 2007ರಲ್ಲಿ, ನಾಕೌಟ್ ಹಂತ ತಲುಪಿ ನಾಲ್ಕೂ ಪಂದ್ಯಗಳಲ್ಲಿ ಸೋತಿತು. 2011ರಲ್ಲಿ ಕೆನಡಾದ ವಿನಿಪೆಗ್‌ಗೆ ತೆರಳಿತು. ಅರಿಜೋನಾ ತಂಡವೂ ಸ್ವಂತ ಕ್ರೀಡಾಂಗಣದ ಪ್ರಶ್ನೆ ಬಗೆಹರಿಯದೆ, 2024ರಲ್ಲಿ ಸಾಲ್ಟ್ ಲೇಕ್ ನಗರದ ಪಾಲಾಯಿತು. ಆದರೂ ಅರಿಜೋನಾದಲ್ಲಿ ಬೆಳೆದ ಆಸ್ಟನ್ ಮ್ಯಾಥ್ಯೂಸ್ 2016ರ ಆಟಗಾರರ ಆಯ್ಕೆಯಲ್ಲಿ ಪ್ರಥಮ ಸ್ಥಾನ ಪಡೆದರು. ತಂಡ ಕಪ್ ಗೆಲ್ಲದಿದ್ದರೂ ಕಲಿಯಲು ಅಂಕಣವಿದ್ದರೆ ಪ್ರತಿಭೆ ಮೊಳೆಯುತ್ತದೆಂಬುದಕ್ಕೆ ಇದು ನಿದರ್ಶನ.

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ನಮ್ಮ ಹಿರಿಯರ ಮಾತು. ಆದರೆ ತೂರಲು ಕಣದಲ್ಲಿ ಒಕ್ಕಿದ ರಾಶಿ ಇರಬೇಕಷ್ಟೆ. ಗೆಲುವಿನ ಗಾಳಿ ಯಾವಾಗ ಬೀಸೀತೆಂದು ಯಾವ ಉದ್ಯಮಿಯೂ ಹೇಳಲಾರ. ಗೆದ್ದ ಮರುದಿನ ಬಾಗಿಲಿಗೆ ಬರುವ ಹೊಸ ಗಿರಾಕಿಗೆ ಸರಕು, ಸ್ಥಳ, ಕಲಿಸುವ ಕೈ ಇವನ್ನು ಮೊದಲೇ ಅಣಿಗೊಳಿಸಿಟ್ಟುಕೊಳ್ಳುವುದು ಮಾತ್ರ ಅವನ ಕೈಯಲ್ಲಿದೆ.